ಕಿರ್ಗಿಸ್ತಾನದ ಸ್ಟೇಡಿಯಮ್ಮುಗಳ ಪರವಾಗಿ

ನಾನು ಜೀವನದಲ್ಲಿ ಒಮ್ಮೆಯೂ ಫುಟ್‌ಬಾಲ್ ಒದ್ದವನಲ್ಲ. ಕಿರ್ಗಿಸ್ತಾನಕ್ಕೆ ಹೋದವನೂ ಅಲ್ಲ. ಆದರೂ ಆ ದೇಶದ ಸ್ಟೇಡಿಯಮ್ಮುಗಳ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಇದಕ್ಕೆ ಮದ್ದಿಲ್ಲ ಎಂದು ಮನೆಯವಳು ಕೈಬಿಟ್ಟಿದ್ದಾಳೆ.

ಶುರುವಾದದ್ದು ೨೦೨೦ರಲ್ಲಿ. ಕೊರೊನಾ ಬಂದು ಲಾಸ್ ಏಂಜಲೀಸಿನ ಸ್ಯಾನ್ ಪೀಡ್ರೊ ಬಂದರಿನ ನಮ್ಮ ಆಫೀಸು ಮುಚ್ಚಿ, ಕಂಟೇನರುಗಳ ಲೆಕ್ಕವೆಲ್ಲ ಅಡುಗೆಮನೆಯ ಮೇಜಿಗೆ ಬಂದಿತ್ತು. ಸವಣೂರಿನಲ್ಲಿ ಮೀಸೆ ಬಂದ ಮೇಲೆ ಶಾಲೆ ಸೇರಿದವನು ನಾನು. ಭೂಪಟ ಕಂಡರೆ ಈಗಲೂ ಹಸಿವು. ಬಿಡುವಿನಲ್ಲಿ ಕಂಪ್ಯೂಟರಿನ ಮ್ಯಾಪಿನಲ್ಲಿ ಅಲೆಯುತ್ತ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್ ಎಂಬ ಊರಿಗೆ ಬಂದೆ. ಅಲ್ಲೊಂದು ಸ್ಟೇಡಿಯಂ. ಗ್ಯಾಲರಿಯ ಹಿಂದೆ ಮರಗಳು, ಮರಗಳ ಹಿಂದೆ ಹಿಮದ ಬೆಟ್ಟ, ಟಿಕೆಟ್ಟಿಲ್ಲದೆ ಆಟ ನೋಡಲು ಬಂದು ನಿಂತ ಹಾಗೆ. ಅಲ್ಲಿಂದ ಓಶ್ ಊರಿನ ಸ್ಟೇಡಿಯಂ, ಅಲ್ಲಿಂದ ನಾರಿನ್ ಊರಿನದು. ಬಿಳಿ ಉಣ್ಣೆಯ ಎತ್ತರದ ಟೋಪಿ ಹಾಕಿದ ಮುದುಕರು ಮೆಟ್ಟಿಲ ಮೇಲೆ ಕೂತು ಗೋಲ್‌ಕೀಪರಿಗೆ ಬುದ್ಧಿ ಹೇಳುವ ವಿಡಿಯೊ ಕೂಡ ನೋಡಿದೆ. ಭಾಷೆ ತಿಳಿಯಲಿಲ್ಲ, ಬೈಗುಳ ತಿಳಿಯಿತು.

ಗ್ರೀಕರಲ್ಲಿ ಸ್ಟೇಡಿಯಂ ಎಂದರೆ ಮೊದಲು ದೂರದ ಅಳತೆಯಂತೆ. ಅಷ್ಟು ದೂರ ಓಡುವ ಜಾಗಕ್ಕೆ ಆ ಹೆಸರು ಬಂದದ್ದು ಆಮೇಲೆ. ಲಾಸ್ ಏಂಜಲೀಸಿನವರು ಇದನ್ನು ಮರೆತಿಲ್ಲ. ಕಾರು ಪಾರ್ಕ್ ಮಾಡಿ ಗೇಟು ಮುಟ್ಟುವಷ್ಟರಲ್ಲಿ ಆಟಗಾರರಿಗಿಂತ ನಮಗೇ ಹೆಚ್ಚು ಸುಸ್ತು.

ಈ ವರ್ಷ ನಮ್ಮ ಕನ್ನಡ ಕೂಟದ ಸಂಚಿಕೆಗೆ ಕಿರ್ಗಿಸ್ತಾನದ ಬಗ್ಗೆಯೇ ಬರೆದು ಕಳಿಸಿದೆ. ಸಂಪಾದಕಿ ವುಡ್‌ಲ್ಯಾಂಡ್ ಹಿಲ್ಸಿನ ವೀಣಾ ಮೇಡಂ. ಫೋನು ಬಂತು.

“ಅಂಕಲ್, ಕಿರ್ಗಿಸ್ತಾನ ಯಾಕೆ? ಯಾರು ಓದ್ತಾರೆ ಹೇಳಿ? ನಿಮ್ಮ ಕಡೆ ಜೋಳದ ರೊಟ್ಟಿ ಬಗ್ಗೆ ಬರೀರಿ. ಎಲ್ರಿಗೂ ಊರು ನೆನಪಾಗುತ್ತೆ.”

“ರೊಟ್ಟಿ ದಿನಾ ತಿಂತೇನ್ರಿ ಮೇಡಂ. ಅದನ್ನೇನು ನೆನಸೂದೈತಿ?”

“ಹಾಗಾದ್ರೆ ಪೇಜ್ ಕೊಡಕ್ಕಾಗಲ್ಲ ಅಂಕಲ್. ಸಾರಿ.”

ನನ್ನ ಪುಟದಲ್ಲಿ ಮನೆ ಮಾರುವ ಏಜೆಂಟರೊಬ್ಬರ ನಗುಮುಖ ಬಂತು. ನೋವಾಯಿತು, ಸುಳ್ಳೇಕೆ? ಒಂದೇ ಬೆರಳಿನಲ್ಲಿ ವಾರಗಟ್ಟಲೆ ಟೈಪ್ ಮಾಡಿದ್ದೆ. ಅದಕ್ಕಿಂತ ಹೆಚ್ಚು ಕುಟುಕಿದ್ದು ಇನ್ನೊಂದು: ದೂರ ಬಂದ ಕನ್ನಡದವನು ಹಿಂದಕ್ಕೆ ಮಾತ್ರ ನೋಡಬೇಕೆಂದು ಯಾರು ಕಾನೂನು ಮಾಡಿದರು? ನನ್ನ ಕನ್ನಡ ಸವಣೂರಿನಿಂದ ಸ್ಯಾನ್ ಪೀಡ್ರೊವರೆಗೆ ಬಂದಿದೆ. ಅದಕ್ಕೆ ನಾರಿನ್ ಒಂದು ದೂರವೇ?

ಸ್ಯಾನ್ ಡಿಯಾಗೊದ ಪಾರ್ಕಿನಲ್ಲಿ ಕೂಟದ ಪಿಕ್ನಿಕ್ ಇತ್ತು. ಬಿಸಿಬೇಳೆಬಾತಿಗೆ ಉದ್ದನೆಯ ಸಾಲು. ಹಸಿದವರು ಸಾಲು ಬಿಟ್ಟು ಓಡುವುದಿಲ್ಲ ಎಂಬುದು ನನಗೆ ಹೊಳೆಯಿತು. ಪಕ್ಕದ ಬೆಂಚು ಹತ್ತಿ, ಕನ್ನಡಕ ಏರಿಸಿ, ಮೇಡಂ ಬೇಡವೆಂದ ಲೇಖನವನ್ನೇ ಗಟ್ಟಿಯಾಗಿ ಓದತೊಡಗಿದೆ.

ಬಿಷ್ಕೆಕ್ ಮುಗಿಯುವವರೆಗೆ ಎಲ್ಲರೂ ಮೊಬೈಲು ನೋಡಿದರು. ಟೋಪಿಯ ಮುದುಕರು ಬಂದಾಗ “ಥೇಟ್ ನಮ್ಮ ಮಾವನೋರೇ!” ಎಂದು ಒಬ್ಬಾಕೆ ನಕ್ಕರು. “ಅಂಕಲ್, ಗೆದ್ದೋರ್ಯಾರು?” ಎಂದು ಹಿಂದಿನಿಂದ ಯಾರೋ ಕೂಗಿದರು. ಬಡಿಸುತ್ತಿದ್ದ ಮೈಸೂರಿನ ರಫೀಕ್ ಭಾಯಿ ಸೌಟು ಎತ್ತಿ ಹಿಡಿದು ಹಾಗೇ ನಿಂತುಬಿಟ್ಟರು. ಸಾಲೂ ನಿಂತಿತು.

ವೀಣಾ ಮೇಡಂ ಖಾಲಿ ತಟ್ಟೆ ಹಿಡಿದು ಬಂದರು. “ಅಂಕಲ್, ಮುಗಿಸಿ ಪ್ಲೀಸ್. ಬಾತ್ ಆರೋಗ್ತಿದೆ.”

“ಆರಲಿ ಬಿಡ್ರಿ ಮೇಡಂ,” ಎಂದೆ, ಹಾಳೆ ತಿರುವುತ್ತ. “ಇನ್ನೂ ನಾರಿನ್ ಉಳದೈತಿ.”