ಸಾಣೆಕಲ್ಲಿನ ತಗ್ಗು

ಅಪ್ಪನ ಕ್ಷೌರದ ಕತ್ತಿಗೆ ತುಕ್ಕು ಹಿಡಿಯುತ್ತಿದೆ ಎಂದು ನನ್ನ ಗಂಡ ಮತ್ತೆ ಮತ್ತೆ ಹೇಳಿದಾಗ ನನಗೆ ರೇಗಿತು. ಅವನಿಗೆ ಆ ಕತ್ತಿ ಬೇಕಿತ್ತು, ಬಾಯಿ ಬಿಟ್ಟು ಕೇಳಲು ಸಂಕೋಚ. ಅಂಗಡಿಯ ಬ್ಲೇಡು ಅವನ ಗದ್ದಕ್ಕೆ ಆಗುವುದಿಲ್ಲ, ಇಡೀ ದಿನ ತುರಿಸಿಕೊಳ್ಳುತ್ತಾನೆ. ಈ ಊರಿನ ಉಪ್ಪುಗಾಳಿಗೆ ಗೇಟಿನ ಬೀಗವೇ ಉಳಿಯುವುದಿಲ್ಲ, ಇನ್ನು ಕತ್ತಿ ಉಳಿಯುತ್ತದೆಯೇ? ಮಸೆದು ಕೊಡುತ್ತೇನೆ, ಸುಮ್ಮನಿರು ಎಂದು ಹೇಳಿ ಒಂದು ಭಾನುವಾರ ಮಧ್ಯಾಹ್ನ ಕತ್ತಿ ತೆಗೆದುಕೊಂಡು, ನಾವಿರುವ ಪೆರಂಬೂರಿನಲ್ಲೇ ಎರಡು ಬೀದಿ ಆಚೆಗಿರುವ ಅಮ್ಮನ ಫ್ಲಾಟಿಗೆ ಹೋದೆ. ಸಾಣೆಕಲ್ಲು ಅಲ್ಲಿತ್ತು.

ಮಸೆಯುವುದು ನನಗೆ ಗೊತ್ತು. ಅಪ್ಪ ರೈಲು ಬೋಗಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ತಮ್ಮ ಗಡ್ಡವನ್ನು ಬೇರೆಯವರ ಕೈಗೆ ಕೊಟ್ಟವರಲ್ಲ. ಕೊನೆಯ ಎರಡು ವರ್ಷ ಕೈ ನಡುಗತೊಡಗಿದಾಗ ಒಂದು ಒಪ್ಪಂದಕ್ಕೆ ಬಂದೆವು. ಕತ್ತಿ ಅವರು ಮಸೆಯಬೇಕು, ಕ್ಷೌರ ನಾನು ಮಾಡಬೇಕು. ಗಿಂಡಿ ಬಡಾವಣೆಯ ಆಫೀಸಿಗೆ ಹೊರಡುವ ಮುಂಚೆ ಬಂದು ಮಾಡಿ ಹೋಗುತ್ತಿದ್ದೆ. ಹೆಣ್ಣುಮಗಳು ಕ್ಷೌರ ಮಾಡಲು ಕೂತಿದ್ದಾಳೆ ಎಂದು ನೆಂಟರು ಮೂಗು ಮುರಿದರು. ಮುರಿಯಲಿ, ಮೂಗು ಅವರದು ಎಂದು ಅಪ್ಪ ನಕ್ಕರು. ಅವರು ತೀರಿಕೊಂಡದ್ದೂ ಅದೇ ಹೊತ್ತಿನಲ್ಲಿ. ಕತ್ತಿ ಮಸೆದಿಟ್ಟು, ಗದ್ದ ಎತ್ತಿ ಕೂತಿದ್ದರು. ನಾನು ಬ್ರಷ್ಷನ್ನು ಬಿಸಿನೀರಿಗೆ ಅದ್ದಿ ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗದ್ದ ಮಾತ್ರ ಎತ್ತಿಕೊಂಡೇ ಇತ್ತು.

ಅಮ್ಮ ಒಳಗೆ ಮಲಗಿದ್ದಳು. ಬಚ್ಚಲಿನ ಗೂಡಿನಲ್ಲಿ ಕಲ್ಲು ಇರಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಕೊನೆಗೆ ಬಾಲ್ಕನಿಯಲ್ಲಿ ತುಳಸಿ ಕುಂಡದ ಹಿಂದೆ ಸಿಕ್ಕಿತು. ಒಂದು ತಾಮ್ರದ ಚೊಂಬಿನ ನೀರಿನಲ್ಲಿ ಮುಳುಗಿತ್ತು. ಅಪ್ಪ ಹೋಗಿ ವರ್ಷವಾಗುತ್ತ ಬಂದಿತ್ತು, ಯಾರೂ ಮಸೆಯದ ಕಲ್ಲಿಗೆ ನೀರೇಕೆ? ಅಂಟಿಕೊಂಡಿದ್ದ ಕಪ್ಪು ಎಳ್ಳನ್ನು ಉಗುರಿನಿಂದ ಕೆರೆದು ಹಾಕಿದೆ. ಅಮ್ಮನ ಮಡಿಯ ಚಾಳಿ ಏನಾದರೂ ಇರಬೇಕು ಅಂದುಕೊಂಡೆ.

ಕಲ್ಲಿನ ನಡುವೆ ತಗ್ಗು ಬಿದ್ದಿತ್ತು. ತಗ್ಗಿದ್ದರೆ ಕತ್ತಿಯ ಅಲಗು ಕಲ್ಲಿನ ಮೇಲೆ ಸಮನಾಗಿ ಕೂರುವುದಿಲ್ಲ, ಮಸೆದಷ್ಟೂ ಕೆಡುತ್ತದೆ. ಮೊದಲು ಕಲ್ಲನ್ನೇ ಮಟ್ಟ ಮಾಡಬೇಕು. ಹಿಂದೆ ಅಪ್ಪ ಆಗಾಗ ಮಾಡುತ್ತಿದ್ದರು, ಕೈ ನಡುಗತೊಡಗಿದ ಮೇಲೆ ಬಿಟ್ಟರು. ಅಂದರೆ ಈ ತಗ್ಗು ಆ ಎರಡು ವರ್ಷದ ಬೆಳಗುಗಳದ್ದು. ಬಚ್ಚಲಿನ ನೆಲದ ಮೇಲೆ ದಪ್ಪ ಗಾಜು ಹಾಸಿ, ಅದರ ಮೇಲೆ ಮರಳು ಕಾಗದವನ್ನು ಒದ್ದೆ ಮಾಡಿ ಅಂಟಿಸಿದೆ. ಕಲ್ಲಿನ ಮುಖದ ತುಂಬ ಪೆನ್ಸಿಲಿನಿಂದ ಅಡ್ಡ ಉದ್ದ ಗೆರೆ ಎಳೆದೆ. ಉಜ್ಜಿದಾಗ ಎತ್ತರದ ಜಾಗದ ಗೆರೆ ಅಳಿಯುತ್ತದೆ, ತಗ್ಗಿನದು ಉಳಿಯುತ್ತದೆ. ಎಲ್ಲ ಗೆರೆಯೂ ಹೋದರೆ ಕಲ್ಲು ಮಟ್ಟವಾಯಿತು ಎಂದು ಲೆಕ್ಕ.

ಉಜ್ಜತೊಡಗಿದೆ. ಅಂಚಿನ ಗೆರೆಗಳು ಬೇಗ ಹೋದವು. ಬೂದು ಬಣ್ಣದ ಕೆಸರು ಬರುತ್ತಿತ್ತು, ಅದರಿಂದ ಎಳ್ಳಿನ ವಾಸನೆ ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕಲ್ಲು ಬೆಚ್ಚಗಾಯಿತು. ಉಜ್ಜಿದರೆ ಬಿಸಿಯಾಗುವುದು ಸಹಜ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನೀರು ಹಾಕಿ ಉಜ್ಜುವ ಕಲ್ಲು ಬಿಸಿಯಾಗುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕೈ ನಿಲ್ಲಿಸಲು ಯಾಕೋ ಹೆದರಿಕೆಯಾಯಿತು.

"ಉಜ್ಜಬೇಡ ಕಣೇ," ಎಂದಳು ಅಮ್ಮ ಬಾಗಿಲಲ್ಲಿ ನಿಂತು. "ಅವರಿಗೆ ನೋವಾಗತ್ತೆ."

ಕಲ್ಲು ಕೆಳಗಿಟ್ಟೆ. ಆಮೇಲೆ ಅವಳು ಬಚ್ಚಲಿನ ಹೊಸ್ತಿಲ ಮೇಲೇ ಕೂತು ಎಲ್ಲವನ್ನೂ ಹೇಳಿದಳು. ನಮ್ಮಲ್ಲಿ ಸತ್ತವರನ್ನು ಹತ್ತು ದಿನ ಒಂದು ಕಲ್ಲಿನಲ್ಲಿ ಆವಾಹನೆ ಮಾಡಿ, ಎಳ್ಳುನೀರು ಕೊಟ್ಟು, ಕೊನೆಗೆ ಆ ಕಲ್ಲನ್ನು ನೀರಿಗೆ ಬಿಡುತ್ತಾರೆ. ಬಿಟ್ಟರೇ ಅವರಿಗೆ ದಾರಿ. ಕರ್ಮ ಹಿಡಿದಿದ್ದ ಅಣ್ಣ ಮೊದಲ ದಿನ ಕಲ್ಲಿಗಾಗಿ ಇಡೀ ಅಪಾರ್ಟ್‌ಮೆಂಟ್ ಅಲೆದನಂತೆ. ಎಲ್ಲಿ ನೋಡಿದರೂ ಸಿಮೆಂಟು, ಟೈಲ್ಸು, ಒಂದು ಬೆಣಚು ಚೂರೂ ಇಲ್ಲ. ಕರ್ಮ ಮಾಡಿಸಲು ಬಂದ ವಾಧ್ಯಾರರಿಗೆ ಅವಸರ. ಅಪ್ಪ ದಿನಾ ಮುಟ್ಟಿದ ಕಲ್ಲೇ ಆಗಲಿ ಎಂದು ಅಮ್ಮ ಸಾಣೆಕಲ್ಲನ್ನು ಕೊಟ್ಟಿದ್ದಾಳೆ. ಹೆಂಗಸರು ಒಳಗಿದ್ದೆವು, ನಾನು ನೋಡಿರಲಿಲ್ಲ. ಹತ್ತನೆಯ ದಿನ ಅಣ್ಣ ಸ್ನಾನಕ್ಕೆ ಹೋದಾಗ ಬಟ್ಟೆಯ ಗಂಟು ಬಿಚ್ಚಿ, ಕಲ್ಲು ತೆಗೆದು, ಬೇರೆ ಏನನ್ನೋ ಕಟ್ಟಿಟ್ಟಿದ್ದಾಳೆ.

"ಹಾಗಾದರೆ ಅಣ್ಣ ಸಮುದ್ರಕ್ಕೆ ಬಿಟ್ಟದ್ದು ಏನಮ್ಮ?"

"ಬಾತ್‌ರೂಮ್ ಟೈಲ್ಸ್ ಚೂರು. ಅದರಲ್ಲಿ ಯಾರೂ ಇರಲಿಲ್ಲ."

ಅಣ್ಣನ ಗಂಭೀರ ಮುಖ, ಆ ಮಂತ್ರ, ಆ ಟೈಲ್ಸು ನೆನೆದು ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಕಲ್ಲಿಗೆ ನೀರು ಎರೆಯುತ್ತ ಬಂದಿದ್ದಳು, ಹತ್ತು ದಿನಕ್ಕೆ ಮುಗಿಯಬೇಕಾದ ಬಾಯಾರಿಕೆಗೆ. ಇದೆಂಥ ಹುಚ್ಚು ಎಂದು ಬೈದೆ. ಬೈಗುಳವನ್ನು ಕೇಳಿಸಿಕೊಳ್ಳದವಳಂತೆ ನನ್ನ ಮುಖ ನೋಡಿದಳು.

"ಬೆಳಿಗ್ಗೆ ಬೆಳಿಗ್ಗೆ ಮಸೀತಾರೆ. ನಿನಗೆ ಕೇಳಲ್ವಾ?"

ಇಲ್ಲ ಎಂದೆ. ಸುಳ್ಳು. ಕಾಫಿ ಸೋಸುವ ಹೊತ್ತಿಗೆ ನಮ್ಮ ಮನೆಯಲ್ಲೂ ಕೇಳುತ್ತಿತ್ತು. ಒದ್ದೆ ಕಲ್ಲಿನ ಮೇಲೆ ಉಕ್ಕು ಹೋಗಿ ಬರುವ ಸದ್ದು. ಮೇಲಿನ ಮನೆಯವರು ತೆಂಗಿನಕಾಯಿ ತುರಿಯುತ್ತಿದ್ದಾರೆ ಎಂದು ಇಷ್ಟು ದಿನ ನನ್ನನ್ನು ನಂಬಿಸಿಕೊಂಡಿದ್ದೆ.

ಮೊದಮೊದಲು ಆ ಸದ್ದು ಸಮಾಧಾನ ಕೊಡುತ್ತಿತ್ತಂತೆ, ಮನೆಯಲ್ಲಿ ಒಂದು ಜೀವ ಇದೆ ಎಂದು. ಈಗ ಕೇಳಲು ಆಗುತ್ತಿಲ್ಲ ಎಂದಳು. ಮಸೆದು ಮುಗಿಸಿ ಗದ್ದ ಎತ್ತಿ ಕಾಯುತ್ತಾರೆ, ಯಾರೂ ಬರುವುದಿಲ್ಲ, ಮತ್ತೆ ಮಸೆಯುತ್ತಾರೆ. ತನ್ನ ಆಸೆಗೆ ಅವರನ್ನು ಕಟ್ಟಿಹಾಕಿಬಿಟ್ಟೆ ಎಂದು ಕಲ್ಲಿನ ಮೇಲೆ ಕೈಯಾಡಿಸಿದಳು. ಪೊರೆ ಬಂದ ಕಣ್ಣು, ಅವಳಿಗೆ ಬೆರಳೇ ದಾರಿ. ನುಣುಪಾದ ಅಂಚನ್ನು ಮುಟ್ಟಿ, ಇಲ್ಲಿ ಅವರಿಲ್ಲ ಎಂದಳು. ಬೆರಳು ನಡುವಿನ ತಗ್ಗಿಗೆ ಇಳಿದು ಅಲ್ಲೇ ನಿಂತಿತು.

"ಅರ್ಧಕ್ಕೆ ಬಿಡಬಾರದು. ಪೂರ್ತಿ ಉಜ್ಜಿಬಿಡು. ಪಾಪ, ಹೋಗಲಿ ಅವರು, ಪಾವಂ."

ಅವಳು ಚೊಂಬಿನಿಂದ ಹನಿಹನಿಯಾಗಿ ನೀರು ಬಿಟ್ಟಳು, ನಾನು ಉಜ್ಜಿದೆ. ಗೆರೆಗಳು ಒಂದೊಂದಾಗಿ ಹೋದವು, ಕೆಸರು ತೂಬಿನ ಕಡೆ ಹರಿಯಿತು. ನಾನು ದೇವರು ದಿಂಡರು ಎಂದು ಕೂರುವವಳಲ್ಲ, ಏಕಾದಶಿಯಂದು ಆಫೀಸ್ ಕ್ಯಾಂಟೀನಿನಲ್ಲಿ ಊಟ ಮಾಡುವವಳು. ಆದರೂ ಕೈ ಭಾರವಾಗುತ್ತ ಹೋಯಿತು. ಆ ತಗ್ಗಿನಲ್ಲಿ ಅಪ್ಪ ಇದ್ದರೋ ಇಲ್ಲವೋ, ನಮ್ಮಿಬ್ಬರ ಬೆಳಗುಗಳಂತೂ ಇದ್ದವು. ಅವನ್ನು ನಾನೇ ಚರಂಡಿಗೆ ಬಿಡುತ್ತಿದ್ದೆ.

ಕೊನೆಗೆ ಒಂದೇ ಗೆರೆ ಉಳಿಯಿತು, ನಟ್ಟನಡುವೆ, ಅಕ್ಕಿಕಾಳಿನಷ್ಟು. ಇನ್ನು ನಾಲ್ಕು ಸಲ ಉಜ್ಜಿದ್ದರೆ ಅದೂ ಹೋಗುತ್ತಿತ್ತು. ನಾನು ಕೈ ನಿಲ್ಲಿಸಿದೆ. ಅಮ್ಮ ನೀರು ಬಿಡುವುದನ್ನು ನಿಲ್ಲಿಸಿ, ಮುಖವನ್ನು ಹತ್ತಿರ ತಂದು ಕೇಳಿದಳು.

"ಹೋದರಾ?"

ಗೆರೆಯ ಮೇಲೆ ಹೆಬ್ಬೆರಳಿಟ್ಟು, "ಹೋದರಮ್ಮ," ಎಂದೆ. ಅವಳು ನನ್ನ ಕೈಗೇ ನಮಸ್ಕಾರ ಮಾಡಿ ಜೋರಾಗಿ ಅತ್ತಳು. ನಾನು ಬೆರಳು ತೆಗೆಯಲಿಲ್ಲ.