ಹರಿಣಾಕ್ಷಿ ಟೀಚರ ಜಪಾನಿ ಕ್ಲಾಸು

ಒಂದು ಕಡೆ ಕೂರುವುದೆಂದರೆ ಹರಿಣಾಕ್ಷಿಗೆ ಶಿಕ್ಷೆ. ಡೊಂಬಿವಲಿಯಿಂದ ಠಾಣೆಯವರೆಗೆ ಲೋಕಲಿನಲ್ಲಿ ಹೇಗೂ ಸೀಟು ಸಿಗುವುದಿಲ್ಲ, ಬಿಡಿ. ಆದರೆ ಠಾಣೆಯಲ್ಲಿ ವಾಶಿಯ ಗಾಡಿ ಹಿಡಿದ ಮೇಲೆ ಎದುರಿಗೇ ಸೀಟು ಖಾಲಿ ಇದ್ದರೂ ಆಕೆ ಬಾಗಿಲ ಬಳಿಯೇ ನಿಲ್ಲುತ್ತಿದ್ದಳು. ತಾನಿಳಿಯುವ ಘಣಸೋಲಿಗೆ ಎರಡು ಸ್ಟೇಷನ್ ಇರುವಾಗಲೇ ಚೀಲ ಹೆಗಲಿಗೇರುತ್ತಿತ್ತು. "ನಿನ್ನ ಕಾಲು ಇಲ್ಲಿ, ತಲೆ ಮುಂದಿನ ಸ್ಟೇಷನ್ನಿನಲ್ಲಿ ಮಾರಾಯ್ತಿ," ಎಂದು ಗಂಡ ಪ್ರೇಮನಾಥ ನಗುತ್ತಿದ್ದ.

ಅವಳ ಅಪ್ಪ ಭುಜಂಗ ಕಾಪುವಿನಿಂದ ಬಂದು ಠಾಣೆಯ ನೌಪಾಡಾದ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಮಗಳು ಬಿ.ಕಾಂ. ಮುಗಿಸಿ ಬೇಲಾಪುರದ ಒಂದು ಜಪಾನಿ ಕಂಪನಿಯ ಆಫೀಸು ಸೇರಿದಳು. ಅಲ್ಲಿ ಸಾಹೇಬರಿಬ್ಬರು ಅವಳ ಎದುರಿಗೇ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ಏನು ಹೇಳಿದರೆಂದು ತಿಳಿಯದಿದ್ದರೆ ಹರಿಣಾಕ್ಷಿಗೆ ಅನ್ನ ಸೇರುತ್ತದೆಯೇ? ಹಟ ಹಿಡಿದು ಸಂಜೆಯ ಕ್ಲಾಸಿಗೆ ಹೋಗಿ ಜಪಾನಿ ಕಲಿತಳು. ತಿಳಿದ ಮೇಲೆ ನೋಡಿದರೆ ಅವರು ಊಟದ ಡಬ್ಬಿಯ ಬಗ್ಗೆ ಮಾತಾಡುತ್ತಿದ್ದರು. ಆ ಹೊತ್ತಿಗೆ ಭಾಷೆ ಮಾತ್ರ ಅವಳನ್ನು ಹಿಡಿದುಬಿಟ್ಟಿತ್ತು.

ಆಫೀಸು ದಿಲ್ಲಿ ಬಳಿಯ ಗುರಗಾಂವಕ್ಕೆ ಹೋಯಿತು, ಅವಳು ಹೋಗಲಿಲ್ಲ. ೨೦೧೩ರಲ್ಲಿ ಘಣಸೋಲಿಯ ಒಂದು ಖಾಸಗಿ ಶಾಲೆಯಲ್ಲಿ ಜಪಾನಿ ಟೀಚರಾದಳು. ಕೆಲಸ ಖಾಯಂ ಅಲ್ಲ, ಪ್ರತಿ ಜೂನ್‌ನಲ್ಲೂ ಹೊಸ ಕಾಗದ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ, ಡೊಂಬಿವಲಿಯ ಕನ್ನಡ ಸಂಘದಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಮೇಲೆ ಜಪಾನಿ. "ನಂಗೆ ಆರು ಭಾಷೆ ಬರ್ತದೆ," ಎಂದು ಹೇಳಿಕೊಳ್ಳದ ದಿನವಿರಲಿಲ್ಲ. ಹೇಳಿಕೊಳ್ಳಲಿ, ಕಷ್ಟಪಟ್ಟು ಕಲಿತದ್ದು.

೨೦೧೬ರ ಜನವರಿಯಲ್ಲಿ ಪ್ರಿನ್ಸಿಪಾಲ್ ಸಬ್ನೀಸ್ ಮೇಡಂ ಅವಳನ್ನು ಕರೆದು ನೇರವಾಗಿಯೇ ಹೇಳಿದರು. ಫೆಬ್ರವರಿಯಲ್ಲಿ ಜಪಾನಿನ ಒಂದು ಶಾಲೆಯ ಶಿಕ್ಷಕಿಯರು ನೋಡಲು ಬರುತ್ತಾರೆ. ಅವರು ಮೆಚ್ಚಿದರೆ ಜಪಾನಿಗೆ ಟೈಮ್‌ಟೇಬಲಿನಲ್ಲಿ ಜಾಗ, ಹರಿಣಾಕ್ಷಿಗೆ ಖಾಯಂ ಕೆಲಸ. ಇಲ್ಲದಿದ್ದರೆ ಫ್ರೆಂಚ್ ಒಂದೇ ಸಾಕು.

ಅಂದಿನಿಂದ ಅವಳಿಗೆ ನಿಂತಲ್ಲಿ ನೆಲೆಯಿಲ್ಲ. ಉಳಿದ ಟೀಚರುಗಳು ಕಾಗದದ ಬೀಸಣಿಗೆ, ಬಾಡಿಗೆಯ ಕಿಮೋನೊ ಎಂದು ಸಲಹೆ ಕೊಟ್ಟರು. ಅವಳಿಗೆ ಅದು ಹಿಡಿಸಲಿಲ್ಲ. ವೇಷ ಹಾಕಿದರೆ ಒಂದು ದೇಶ ಅರ್ಥವಾಗುತ್ತದೆಯೇ? ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತಮ್ಮ ತರಗತಿ ಗುಡಿಸಿ ಒರೆಸುತ್ತಾರೆ. ಅದನ್ನೇ ತರೋಣ ಎಂದು ಆರನೇ ಕ್ಲಾಸಿನಲ್ಲಿ ದಿನಕ್ಕೆ ಹತ್ತು ನಿಮಿಷ ಶುರು ಮಾಡಿದಳು. ಹಾಜರಿ ಪುಸ್ತಕದ ಸಾಲಿನಂತೆ ಐದೈದು ಮಕ್ಕಳ ಸರದಿ.

ಪೋಷಕರ ವಾಟ್ಸ್ಯಾಪ್ ಗ್ರೂಪಿನಲ್ಲಿ ಬೆಂಕಿ ಬಿತ್ತು. ಫೀಸು ಕಟ್ಟಿ ಮಗಳ ಕೈಗೆ ಝಾಡು ಕೊಡಿಸಬೇಕೇ ಎಂದು ಸೋನಾಲಿ ಎಂಬ ಹುಡುಗಿಯ ಅಪ್ಪ ಶಾಲೆಗೇ ಬಂದು ಕೂಗಾಡಿದ. ಹರಿಣಾಕ್ಷಿ ಅರ್ಧ ಗಂಟೆ ಮಾತಾಡಿ ಅವನನ್ನು ತಣ್ಣಗೆ ಮಾಡಿ ಕಳಿಸಿದಳು. ಎರಡು ವಾರದಲ್ಲಿ ಮಕ್ಕಳಿಗೆ ಅದು ಆಟವೇ ಆಗಿಹೋಯಿತು. ಬಕೆಟ್ಟಿಗಾಗಿ ಜಗಳವಾಡುವಷ್ಟು.

ಒಬ್ಬಳು ಮಾತ್ರ ಕೈಗೆ ಸಿಗಲಿಲ್ಲ, ಕಾಂಚನಾ. ಸರದಿ ಬಂದ ಎರಡು ಸಲವೂ ಗೈರು. ಒಮ್ಮೆ ಜ್ವರ, ಒಮ್ಮೆ ಹೊಟ್ಟೆನೋವು. ಇಡೀ ಕ್ಲಾಸಿನಲ್ಲಿ ಜಪಾನಿ ಅವಳಷ್ಟು ಸಲೀಸಾಗಿ ಮಾತಾಡುವವರಿರಲಿಲ್ಲ. ಶಾಲೆಯ ಕಸ ಗುಡಿಸುವ ಚಂದ್ರಬಾಯಿಯ ಮಗಳು, ಸಿಬ್ಬಂದಿಯ ಮಕ್ಕಳಿಗೆ ಫೀಸಿಲ್ಲವೆಂದು ಸೇರಿಕೊಂಡವಳು. ಇದು ಟೀಚರುಗಳಿಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ. ಶಾಲೆಯೊಳಗೆ ತಾಯಿ ಮಗಳು ಎದುರಾದರೂ ಮಾತಾಡುತ್ತಿರಲಿಲ್ಲ.

ಮೈಗಳ್ಳಿ ಇರಬೇಕು ಎಂದುಕೊಂಡ ಹರಿಣಾಕ್ಷಿ ಅದಕ್ಕೊಂದು ಮದ್ದು ಹುಡುಕಿದಳು. ಅತಿಥಿಗಳು ಬರುವ ದಿನ ಪೊರಕೆ ಹಿಡಿದು ಮುಂದೆ ನಿಲ್ಲುವವಳು ಕಾಂಚನಾ, ಗುಡಿಸುತ್ತಾ ಜಪಾನಿಯಲ್ಲಿ ವಿವರಿಸುವವಳೂ ಅವಳೇ ಎಂದು ಕ್ಲಾಸಿನಲ್ಲಿ ಹೇಳಿಬಿಟ್ಟಳು. ಸಬ್ನೀಸ್ ಮೇಡಂಗೆ ಖುಷಿಯೋ ಖುಷಿ. ಗುಡಿಸುವವಳ ಮಗಳೇ ಎಂದು ಅತಿಥಿಗಳಿಗೆ ಹೇಳಿದರೆ ಎಷ್ಟು ಚೆನ್ನಾಗಿರುತ್ತದೆ ಎಂದರು.

ಮರುದಿನ ಮಧ್ಯಾಹ್ನ ಚಂದ್ರಬಾಯಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಹರಿಣಾಕ್ಷಿ ಎಂದಿನಂತೆ ಹಿಂದಿಯಲ್ಲಿ, "ಕ್ಯಾ ಹುವಾ ಮೌಶಿ?" ಎಂದಳು. ಕೆಲಸದ ಹೆಂಗಸರನ್ನು ಶಾಲೆಯಲ್ಲಿ ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

"ಒಂದ್ ಮಾತ್ ಹೇಳ್ತೀನ್ರಿ ಟೀಚರ್, ಸಿಟ್ಟಾಗಬ್ಯಾಡ್ರಿ. ನನ್ ಮಗಳ ಕೈಯಾಗ ಕಸಬರಿಗಿ ಕೊಡಬ್ಯಾಡ್ರಿ."

ಹರಿಣಾಕ್ಷಿಗೆ ಮಾತಿನ ಅರ್ಥಕ್ಕಿಂತ ಮೊದಲು ಭಾಷೆ ತಟ್ಟಿತು. "ನೀವು ಕನ್ನಡದವರಾ?"

"ಜೇವರ್ಗಿ ಕಡಿಯವರ್ರಿ."

"ಮೂರು ವರ್ಷದಿಂದ ಒಮ್ಮೆಯಾದ್ರೂ ಹೇಳ್ಬಾರ್ದಾ?"

"ನೀವು ಫೋನ್‌ನ್ಯಾಗ ಸಂಘದವರ ಜೋಡಿ ಕನ್ನಡ ಮಾತಾಡೂದು ಕೇಳೀನ್ರಿ. ನನ್ನ ಮಾತ್ರ ಹಿಂದಿಯೊಳಗ ಕರದ್ರಿ. ನಾನೂ ಹಿಂದಿಯೊಳಗ ಹೂಂ ಅಂದೆ. ನಾನು ಯಾ ಊರಾಕಿ ಅಂತ ನೀವು ಕೇಳಿಲ್ಲಲ್ರಿ."

ಹರಿಣಾಕ್ಷಿಯ ಮುಖ ಬಿಸಿಯಾಯಿತು. ಆದರೂ ಸುಮ್ಮನಾಗುವ ಹೆಂಗಸೇ ಅವಳು? ಜಪಾನಿನಲ್ಲಿ ಡಾಕ್ಟರ ಮಗನೂ ಗುಡಿಸುತ್ತಾನೆ, ಯಾವ ಕೆಲಸವೂ ಕೀಳಲ್ಲ ಎಂದು ಮಕ್ಕಳಿಗೆ ತಿಳಿಯಲೆಂದೇ ಇದೆಲ್ಲ ಎಂದು ಸೋನಾಲಿಯ ಅಪ್ಪನಿಗೆ ಹೇಳಿದ್ದನ್ನೇ ಒಪ್ಪಿಸಿದಳು.

ಚಂದ್ರಬಾಯಿ ಪೂರ್ತಿ ಕೇಳಿಸಿಕೊಂಡಳು. "ಆ ಹುಡುಗರು ಹತ್ ನಿಮಿಷ ಗುಡಿಸಿ ಕೈ ತೊಳಕೊಂಡು ಕುಂದರ್ತಾರ್ರಿ. ಅವರಿಗದು ಆಟ. ನನ್ ಮಗಳು ಹಿಡದ್ರ ಗೊತ್ತಿದ್ದವರು ಅಂತಾರ, ಅವ್ವನ ಕೆಲಸ ಕಲಿಯಾಕತ್ತಾಳ ಅಂತ. ಮನ್ಯಾಗೂ ನಾ ಆಕಿಗಿ ಕಸಬರಿಗಿ ಮುಟ್ಟಸಿಲ್ರಿ. ಸರದಿ ದಿನ ಮನ್ಯಾಗ ಕುಂದ್ರಸಿದಾಕಿ ನಾನ. ಮೈಗಳ್ಳಿ ಅಲ್ರಿ ಆಕಿ."

ಅಂದು ಸಂಜೆ ವಾಪಸಾಗುವಾಗ ಹರಿಣಾಕ್ಷಿಗೆ ತನ್ನ ಮೇಲೆಯೇ ಸಿಟ್ಟು. ಸಾಹೇಬರ ಊಟದ ಡಬ್ಬಿಯ ಮಾತು ತಿಳಿಯಲು ಎರಡು ವರ್ಷ ಕಲಿತವಳು, ದಿನಾ ತನ್ನ ಮೇಜು ಒರೆಸುವವಳ ಊರು ಕೇಳಲು ಎರಡು ನಿಮಿಷ ಮಾಡಿಕೊಂಡಿರಲಿಲ್ಲ. ಕಾಂಚನಾಳನ್ನು ಬಿಡಿಸಿದರೆ ಮೇಡಂ ಬಿಡುವುದಿಲ್ಲ, ಬಿಡಿಸದಿದ್ದರೆ ತನ್ನ ಮನಸ್ಸು ಬಿಡುವುದಿಲ್ಲ. ಮರುದಿನ ಬೆಳಿಗ್ಗೆ ಮೇಡಂ ಬಳಿ ಹೋಗಿ ಬೇರೆ ಮಗುವನ್ನು ನಿಲ್ಲಿಸಬಹುದೇ ಎಂದು ಕೇಳಿದಳು. ಮೇಡಂ ತಲೆಯೆತ್ತದೆ, "ಅದೇ ಹುಡುಗಿ ಬೇಕು. ನಿಮ್ಮ ಕೆಲಸದ ಪ್ರಶ್ನೆಯೂ ಇದೆ, ನೆನಪಿರಲಿ," ಎಂದರು.

ಅತಿಥಿಗಳು ಬಂದ ದಿನ ಚಂದ್ರಬಾಯಿಯನ್ನೂ ಉಳಿದ ಕೆಲಸದವರನ್ನೂ ಕೆಳಗಿನ ಸ್ಟೋರ್ ರೂಮಿಗೆ ಕಳಿಸಲಾಗಿತ್ತು. ಮಕ್ಕಳೇ ಶಾಲೆ ಗುಡಿಸುವುದೆಂದು ತೋರಿಸಬೇಕಲ್ಲ. ಕಾಂಚನಾ ಅಂದು ಗೈರಾಗಕೂಡದೆಂದು ಮೇಡಂ ಚಂದ್ರಬಾಯಿಗೆ ಮೊದಲೇ ತಾಕೀತು ಮಾಡಿದ್ದರು. ಮೊರಿತಾ ಎಂಬ ಹಿರಿಯ ಶಿಕ್ಷಕಿ ಮುಂದಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದರು. ಸಬ್ನೀಸ್ ಮೇಡಂ ತಾವೇ ಪೊರಕೆ ತೆಗೆದು ಕಾಂಚನಾಳತ್ತ ಚಾಚಿದರು. ಹುಡುಗಿ ಎದ್ದು ನಿಂತಳು, ಕೈ ಮಾತ್ರ ಮುಂದೆ ಬರಲಿಲ್ಲ. ಅವಳು ಟೀಚರ ಮುಖ ನೋಡಿದಳು.

ಹರಿಣಾಕ್ಷಿ ನಡುವೆ ಬಂದು ಪೊರಕೆ ತೆಗೆದುಕೊಂಡಳು. ಈ ಹುಡುಗಿ ಗುಡಿಸುವುದಿಲ್ಲ, ಇವಳ ಪಾಲನ್ನು ನಾನು ಗುಡಿಸುತ್ತೇನೆ ಎಂದು ಜಪಾನಿಯಲ್ಲಿ ಹೇಳಿದಳು. ಮೇಡಂಗೆ ಭಾಷೆ ತಿಳಿಯದಿದ್ದರೂ ಆಗಿದ್ದೇನೆಂದು ತಿಳಿಯಿತು. ಮೊರಿತಾ ನೋಟ್‌ಬುಕ್ ಮುಚ್ಚಿ ಇಂಗ್ಲಿಷಿನಲ್ಲಿ ಮಕ್ಕಳನ್ನೇ ಕೇಳಿದರು: ಈ ಹತ್ತು ನಿಮಿಷ ಬಿಟ್ಟರೆ ಇಷ್ಟು ದೊಡ್ಡ ಶಾಲೆ ಗುಡಿಸುವವರು ಯಾರು? ಅವರ ಹೆಸರೇನು?

ಮಕ್ಕಳು ಮುಖ ಮುಖ ನೋಡಿಕೊಂಡರು. ಮೌಶಿ ಎಂದ ಒಬ್ಬ. ಮೌಶಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಾಂಚನಾ ನಿಂತಲ್ಲಿಂದಲೇ ಜಪಾನಿಯಲ್ಲಿ ಹೇಳಿದಳು, "ಅವರ ಹೆಸರು ಚಂದ್ರಬಾಯಿ. ನನ್ನ ತಾಯಿ."

ಮುಂದಿನದನ್ನು ಈಗಲೇ ಹೇಳಿಬಿಡಬಹುದು. ಜಪಾನಿಗೆ ಟೈಮ್‌ಟೇಬಲಿನಲ್ಲಿ ಜಾಗ ಸಿಗಲಿಲ್ಲ. ಶನಿವಾರದ ಒಂದು ಗಂಟೆ ಉಳಿಯಿತು. ಖಾಯಂ ಕೆಲಸದ ಮಾತು ಮತ್ತೆ ಬರಲಿಲ್ಲ. ಉಳಿದ ದಿನ ಹರಿಣಾಕ್ಷಿ ಡೊಂಬಿವಲಿಯಲ್ಲಿ ಟ್ಯೂಷನ್ ಹೇಳತೊಡಗಿದಳು. ಅವಳಿಗೆ ಬೇಸರವಾಗಲಿಲ್ಲವೆಂದರೆ ಸುಳ್ಳು, ತಿಂಗಳುಗಟ್ಟಲೆ ಸಿಡಿಮಿಡಿಗೊಂಡಿದ್ದಳು.

ಆದರೆ ಅಂದು ಅತಿಥಿಗಳು ಊಟಕ್ಕೆ ಎದ್ದ ಕೂಡಲೇ ಅವಳು ಸ್ಟೋರ್ ರೂಮಿಗೆ ಇಳಿದು ಹೋದಳು. ಚಂದ್ರಬಾಯಿ ಫಿನಾಯಿಲ್ ಡಬ್ಬಿಗಳ ನಡುವೆ ಕೂತಿದ್ದಳು. ಹರಿಣಾಕ್ಷಿ ನಡೆದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದಳು.

"ತಾಯಿ ಅಂದ್ಲಾ?"

"ಹೌದು. ಎಲ್ಲರೆದುರೇ ಹೇಳಿದ್ಳು."

"ಹುಡುಗರಿಗಿ ತಿಳೀತೇನ್ರಿ?"

"ತಾಯಿ ಅನ್ನುವ ಶಬ್ದ ಎಲ್ಲರಿಗೂ ಕಲಿಸಿದ್ದೇನೆ. ತಿಳೀತು."

ಚಂದ್ರಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಯಾರರ ನಕ್ರೇನ್ರಿ?"

ಇಲ್ಲ ಎನ್ನಬೇಕೆಂದು ಹರಿಣಾಕ್ಷಿಗೆ ತುಂಬ ಅನಿಸಿತು. "ಇಬ್ಬರು ನಕ್ರು," ಎಂದಳು.

"ಆಕಿ ಏನ್ ಮಾಡಿದ್ಲು?"

"ಕೂತ್ಕೊಳ್ಳಲಿಲ್ಲ. ಅವರ ನಗು ಮುಗಿಯುವವರೆಗೆ ನಿಂತಿದ್ದು, ಮತ್ತೆ ಅದನ್ನೇ ಹಿಂದಿಯಲ್ಲಿ ಹೇಳಿದ್ಳು."