ಅವ್ವ ಬಿಸಿಲಿಗಿಟ್ಟ ಕ್ಯಾಸೆಟ್ಟು

ಅವ್ವನ ಕ್ಯಾಸೆಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಒಣ ಬೇವಿನೆಲೆಯ ವಾಸನೆ ಮೂಗಿಗೆ ಬಡಿದು, ನಲವತ್ತು ವರ್ಷದ ಹಳೆಯ ಸಿಟ್ಟು ಹಾಗೇ ಎದ್ದು ಕೂತಿತು. ತೊಗರಿಬೇಳೆಯ ಡಬ್ಬಿಗೆ ಬೇವಿನೆಲೆ ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಹಾಡಿನ ಕ್ಯಾಸೆಟ್ಟಿಗೆ ಹಾಕುವವರನ್ನು ನಮ್ಮವ್ವನ ಹೊರತು ನಾನು ಕಂಡಿಲ್ಲ. ಬರೀ ಎಲೆಯಾಗಿದ್ದರೆ ಸಹಿಸಬಹುದಿತ್ತು. ಶಹಾಪುರದ ನಮ್ಮ ಹಳೆಯ ಮನೆಯ ಮಾಳಿಗೆಯ ಮೇಲೆ ಪ್ರತಿ ಬೇಸಿಗೆ ಹರಕು ಸೀರೆ ಹಾಸಿ, ಒಂದು ಕಡೆ ಬೇಳೆ, ಇನ್ನೊಂದು ಕಡೆ ಕೆಂಪು ಮೆಣಸಿನಕಾಯಿ, ನಡುವೆ ಅಪ್ಪನ ಕ್ಯಾಸೆಟ್ಟುಗಳನ್ನು ಸಾಲಾಗಿ ಒಣಹಾಕುತ್ತಿದ್ದಳು. ಅದೂ ನಮ್ಮೂರಿನ ಬಿಸಿಲಿಗೆ. ನಿಮ್ಮ ಮನೆಯ ಹಾಡುಗಳೂ ಹೀಗೇ ಹಾಳಾಗಿದ್ದರೆ ನನ್ನ ಸಂಕಟ ನಿಮಗೆ ಗೊತ್ತಾದೀತು.

ಅಪ್ಪ ಶಾಲೆಯ ಮಾಸ್ತರ. ರಜೆಯ ದಿನ ಪಡಸಾಲೆಯ ಕಂಬಕ್ಕೆ ಟೇಪ್ ರೆಕಾರ್ಡರ್ ಒರಗಿಸಿ, ಏಕತಾರಿ ಹಿಡಿದು, ತನ್ನ ತತ್ವಪದಗಳನ್ನು ತಾನೇ ಕ್ಯಾಸೆಟ್ಟಿಗೆ ತುಂಬಿಕೊಳ್ಳುತ್ತಿದ್ದ. ಮೊದಲು ಗಂಟಲು ಸರಿಪಡಿಸಿಕೊಳ್ಳುವ ಕೆಮ್ಮು, ಆಮೇಲೆ ಪದ. ಮುಗಿದ ಮೇಲೆ ಮಷೀನು ಬಂದ್ ಮಾಡುವುದನ್ನು ಮಾತ್ರ ಪ್ರತಿ ಸಲ ಮರೆಯುತ್ತಿದ್ದ. ಕೇಳುವಾಗ ಹಾಡು ಮುಗಿದೊಡನೆ ಗುಂಡಿ ಒತ್ತುವುದು ನನ್ನ ಪಾಲಿನ ಕೆಲಸ. ಮುಂದಿನ ಪಾತ್ರೆ ಪಗಡದ ಸದ್ದು ಯಾರಿಗೆ ಬೇಕಿತ್ತು? ನನಗೆ ಹನ್ನೆರಡು ತುಂಬುವ ಹೊತ್ತಿಗೆ ಅಪ್ಪ ತೀರಿಹೋದ. ಆಮೇಲೂ ಅವ್ವ ಒಣಹಾಕುವುದನ್ನು ಬಿಡಲಿಲ್ಲ. ಎರಡು ಬೇಸಿಗೆ ಕಳೆಯುವುದರೊಳಗೆ ಕೆಲವು ಕ್ಯಾಸೆಟ್ಟು ತಿರುಗಲೇ ಇಲ್ಲ, ಉಳಿದವು ಈಯಲಾರದ ಎಮ್ಮೆಯ ಹಾಗೆ ನರಳಿದವು. ಅಂದಿನಿಂದ ಅವ್ವನನ್ನು ಬೈಯುತ್ತಲೇ ಬಂದೆ. ಮದುವೆಯಾಗಿ ಹೋದ ಮೇಲೂ ಹಬ್ಬಕ್ಕೆ ಬಂದಾಗ ಒಂದು ಸುತ್ತು ಅದೇ ಮಾತು ತೆಗೆದು, ಅಪ್ಪನ ದನಿಯನ್ನು ಸುಟ್ಟವಳು ನೀನು ಎನ್ನುತ್ತಿದ್ದೆ. ಅವಳು ಅಕ್ಕಿ ಆರಿಸುತ್ತ, "ಆತು, ನಂದ ತಪ್ಪು, ಬಿಡು" ಎನ್ನುತ್ತಿದ್ದಳು. ಎದುರು ಮಾತಾಡಿದ್ದರೆ ಜಗಳವಾದರೂ ಆಗಿ ಮುಗಿಯುತ್ತಿತ್ತು.

ಹೋದ ವರ್ಷ ಅವ್ವನೂ ಹೋದಳು. ಡಬ್ಬಿಯಲ್ಲಿ ಉಳಿದಿದ್ದು ಒಂದೇ ಕ್ಯಾಸೆಟ್ಟು. ಅದರಲ್ಲಾದರೂ ಅಪ್ಪ ಸಿಕ್ಕಾನು ಎಂದು ಸುರಪುರದ ರೇಡಿಯೋ ರಿಪೇರಿಯ ಖಾಜಾಸಾಬನ ಬಳಿ ಒಯ್ದೆ. ಮೊದಲ ಸಲ ಅಂಗಡಿಗೆ ಬೀಗ. ಯಾರದೋ ನಿಶ್ಚಿತಾರ್ಥಕ್ಕೆ ದೇವಾಪುರಕ್ಕೆ ಹೋಗಿದ್ದ. ಎರಡನೇ ಸಲ ಕರೆಂಟಿಲ್ಲ, ಚಹಾ ಕುಡಿಸಿ ಕಳಿಸಿದ. ಮೂರನೇ ಸಲ, ಬಸ್ಸಿನಲ್ಲಿ ನಿಂತೇ ಹೋಗಿ ನನ್ನ ಸೊಂಟ ಬಿದ್ದುಹೋಗಿದ್ದಾಗ, ಕ್ಯಾಸೆಟ್ಟನ್ನು ತಿರುವಿ ನೋಡಿ, "ಇದನ್ನ ಬಿಸಲಾಗ ಇಟ್ಟವರು ಯಾರ್ರಿ?" ಎಂದ. ನಮ್ಮವ್ವ ಎಂದು ಹಲ್ಲು ಕಡಿದೆ. ಅವನು ಕ್ಯಾಸೆಟ್ಟಿನ ಬಾಗಿದ ಕವಚ ಬಿಚ್ಚಿ, ಒಳಗಿನ ಸುರುಳಿಯನ್ನು ಬೇರೊಂದು ಕವಚಕ್ಕೆ ದಾಟಿಸಿದ. ಅದರಲ್ಲಿ ಉದುರಿದ್ದ, ಸುರುಳಿಯನ್ನು ಒತ್ತಿ ಹಿಡಿಯುವ ಪುಟ್ಟ ಮೆತ್ತೆಯ ಜಾಗದಲ್ಲಿ ಹೊಸದು ಅಂಟಿಸಿ, ಮಷೀನಿಗೆ ಹಾಕಿ, ಅದರ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೂತ. ಕಂಬಳಿಯೊಳಗೆ ಮುಲುಗಿದಂತಿದ್ದ ಸದ್ದು ಒಮ್ಮೆಲೇ ತಿಳಿಯಾಯಿತು. ಅಪ್ಪ ಕೆಮ್ಮಿದ. ಹಾಡಿದ. ಗಿರಾಕಿಗಳ ಎದುರಿಗೇ ಅತ್ತುಬಿಟ್ಟೆ.

ಪದ ಮುಗಿಯಿತು. ರೂಢಿಯಂತೆ ನನ್ನ ಕೈ ಗುಂಡಿಗೆ ಹೋದರೆ, ಕೊನೆಯತನಕ ತಪಾಸಣೆ ಆಗಬೇಕೆಂದು ಖಾಜಾಸಾಬ ತಡೆದ. ಏಕತಾರಿಯನ್ನು ಗೂಟಕ್ಕೆ ನೇತುಹಾಕಿದ ಸದ್ದಾಯಿತು. ಆಮೇಲೆ ಅಪ್ಪನ ದನಿ.

"ಏ, ಇವನ್ನ ವರ್ಷಾ ಬ್ಯಾಸಗ್ಯಾಗ ಮಾಳಿಗಿ ಮ್ಯಾಲ ಒಣಹಾಕು. ಇಲ್ಲಂದ್ರ ಹುಳ ಹತ್ತತಾವ."

"ಬಿಸಲಿಗೆ ಕೆಡಂಗಿಲ್ಲೇನ್ರಿ?" ಎಂದಳು ಅವ್ವ.

"ಹೇಳಿದಷ್ಟ ಮಾಡು."

ಸತ್ತವರ ತಪ್ಪು ಎತ್ತಿ ಆಡಬಾರದೆನ್ನುವುದು ನಮ್ಮ ಮನೆಗಳ ರೀತಿ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ನಲವತ್ತು ವರ್ಷ ಬೈದರೂ ಅವ್ವ ಅದನ್ನು ಮುರಿಯಲಿಲ್ಲ. ಎಂಥ ಹಟಮಾರಿ ಹೆಂಗಸು ಎಂದು ಅಂಗಡಿಯಲ್ಲಿ ಕೂತು ಮತ್ತೆ ಅವಳ ಮೇಲೇ ಸಿಟ್ಟು ಮಾಡಿಕೊಂಡೆ.

"ಕಡೀಗಿನ ಮಾತು ತಗದ ಬಿಡ್ಲೇನ್ರಿ? ಹಾಡಷ್ಟ ಉಳಸ್ತೀನಿ" ಎಂದು ಖಾಜಾಸಾಬ ಕೇಳಿದ.

"ಹಾಡು ಹೋದ್ರ ಹೋಗ್ಲಿ, ಅದನ್ನ ಉಳಸ್ರಿ" ಎಂದೆ.

ಅವ್ವನ ದನಿ ಎಂದು ಈ ಜಗತ್ತಿನಲ್ಲಿ ಉಳಿದಿರುವುದು ಆ ಒಂದು ಮಾತು. ಅಂದು ಅವಳು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು.